‘ನಿಮ್ಮ ಬಂದೂಕಿಗೇ ಕೂಡಿಸಿ ಕೊಡ್ತೀನಿ’ ಅನ್ನುವವರ ತೋಟಾ ಕೊಳ್ಳಬೇಡಿ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಬಂದೂಕಿನ ಲೈಸೆನ್ಸ್ ಇರುವ ರೈತರು ದಯವಿಟ್ಟು ಇದನ್ನು ಓದಿ. ಹಾರಿಸಿದ ಖಾಲಿ ತೋಟಾಗಳಿಗೆ ಮನೆಯಲ್ಲೇ ಮದ್ದು ತುಂಬಿ, ಗುಂಡು ಕೂರಿಸಿ ಮಾರುವ ಒಬ್ಬ ಮನುಷ್ಯ ನಮ್ಮ ಭಾಗದಲ್ಲಿ ತಿರುಗಾಡುತ್ತಿದ್ದಾನೆ. ಅಂಗಡಿ ತೋಟಾಕ್ಕಿಂತ ಅಗ್ಗ, ಗುರಿಯೂ ಜಾಸ್ತಿ ಅನ್ನುತ್ತಾನೆ. ನಮ್ಮ ಸೋದರಮಾವ ಅವನಿಂದ ತೆಗೆದುಕೊಂಡರು. ಅವರ ಬಲಗಣ್ಣು ಉಳಿದದ್ದು ಕನ್ನಡಕದ ಪುಣ್ಯದಿಂದ.

ಮಾವನದು ಆನೆಗೊಂದಿ ಗುಡ್ಡಗಳ ಕಡೆ ಹೊಲ. ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಹಂದಿಗಳ ಕಾಟ. ಹೆದರಿಸಲು ಅಜ್ಜನ ಕಾಲದ .315 ರೈಫಲ್ ಇದೆ, ಲೈಸೆನ್ಸ್ ಸರಿಯಾಗಿದೆ. ತೋಟಾ ಮಾತ್ರ ಬೇಕಾದಾಗ ಸಿಗುವುದಿಲ್ಲ. ಇಂಥ ಹೊತ್ತಲ್ಲೇ ಆ ಮನುಷ್ಯ ಬಂದ. ಮಾತು ಬಹಳ ನಯ. "ಗೌಡ್ರ, ಅಂಗಡಿ ಮಾಲು ಎಲ್ಲಾ ಬಂದೂಕಿಗೂ ಒಂದೇ ಅಳತಿ. ನಾ ನಿಮ್ಮ ಬಂದೂಕಿಗೇ ಕೂಡಿಸಿ ಕೊಡ್ತೀನ್ರಿ. ನೂರು ಗಜದಾಗ ಕಡ್ಡಿಪೆಟ್ಟಿಗಿ ತಪ್ಪಂಗಿಲ್ಲ."

ಅರ್ಧ ನಿಜ ಹೇಳುವವರೇ ಹೆಚ್ಚು ಅಪಾಯ. ಅಮೆರಿಕದಂಥ ಕಡೆ ಬೇಟೆಗಾರರು ಕಾನೂನಿನ ಒಳಗೇ ತಮ್ಮ ತೋಟಾ ತಾವೇ ತುಂಬಿಕೊಳ್ಳುತ್ತಾರೆ, ಅದರಿಂದ ಗುರಿ ಸುಧಾರಿಸುವುದೂ ಹೌದು. ಆದರೆ ಅಲ್ಲಿ ಮದ್ದಿನ ಕಂಪನಿಯೇ ಅಳತೆಯ ಪಟ್ಟಿ ಅಚ್ಚು ಹಾಕಿ ಕೊಡುತ್ತದೆ. ತೂಕ ಗ್ರೇನ್ ಲೆಕ್ಕದಲ್ಲಿ. ಒಂದು ಗ್ರಾಮಿಗೆ ಹದಿನೈದು ಗ್ರೇನ್‌ಗೂ ಜಾಸ್ತಿ, ಅಷ್ಟು ಸಣ್ಣ ಅಳತೆ ಅದು. ಕೆಳಗಿನ ಅಳತೆಯಿಂದ ಶುರು ಮಾಡಿ, ಒಂದೊಂದು ಖಾಲಿ ತೋಟಾವನ್ನೂ ಪರೀಕ್ಷಿಸುತ್ತಾ ಸ್ವಲ್ಪ ಸ್ವಲ್ಪವೇ ಏರಿಸುತ್ತಾರೆ. ಅದೂ ಅದೇ ರೈಫಲ್‌ನಲ್ಲಿ ಹಾರಿಸಿ ನೋಡಿ. ನಮ್ಮವನು ಮಾವನ ರೈಫಲ್ ಕೈಯಲ್ಲೂ ಹಿಡಿದಿರಲಿಲ್ಲ. ಅವನ ಮದ್ದು ಯಾವುದು, ಎಲ್ಲಿಂದ ಬಂತು, ಅದಕ್ಕೆ ಪಟ್ಟಿ ಯಾವುದು? ಕೇಳಿದರೆ "ಅನುಭವ ಐತ್ರಿ" ಅಷ್ಟೇ.

ಏಪ್ರಿಲ್ ಮಧ್ಯಾಹ್ನ. ಹೊಲದ ಎತ್ತರದ ಬದುವಿಗೆ ರಟ್ಟು ಆನಿಸಿ ಮಾವ ಹಾರಿಸಿದರು, ನಾನು ಹಿಂದೆ ನಿಂತಿದ್ದೆ. ಮೊದಲ ತೂತುಗಳು ಒಂದಕ್ಕೊಂದು ಅಂಟಿಕೊಂಡೇ ಬಿದ್ದವು. ಮಾವನಿಗೆ ಖುಷಿಯೋ ಖುಷಿ. ಆದರೆ ಭುಜಕ್ಕೆ ಒದೆತ ಜಾಸ್ತಿ ಇತ್ತು, ಬೋಲ್ಟ್ (ತೋಟಾದ ಹಿಂದೆ ನಳಿಗೆ ಮುಚ್ಚುವ, ಹಿಡಿಕೆ ಇರುವ ಕಬ್ಬಿಣದ ಸರಳು) ಎತ್ತಲು ಅಂಗೈಯಲ್ಲಿ ಗುದ್ದಬೇಕಾಯಿತು. ಹೊರಬಿದ್ದ ತೋಟಾದ ಹಿಂಬದಿಯ ಕ್ಯಾಪು, ಅಂದರೆ ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು, ಇಸ್ತ್ರಿ ಹಾಕಿದ ಹಾಗೆ ಚಪ್ಪಟೆ. ಇವೆಲ್ಲ ಒತ್ತಡ ಮಿತಿ ಮೀರಿದ ಗುರುತು ಅಂತ ಆಮೇಲೆ ಬಂದೂಕು ರಿಪೇರಿಯವರು ತಿಳಿಸಿ ಹೇಳಿದರು. ಗುಂಡು ಒಂದೇ ಕಡೆ ಬೀಳುತ್ತದೆ ಅಂದರೆ ತೋಟಾ ಸುರಕ್ಷಿತ ಅಂತ ಅರ್ಥವಲ್ಲ. ಎರಡಕ್ಕೂ ಸಂಬಂಧವೇ ಇಲ್ಲ.

ಮುಂದಿನದಕ್ಕೆ ಶಬ್ದವೇ ಬೇರೆ ಬಂತು. ಬಿಸಿ ಗಾಳಿ ಹಿಂದಕ್ಕೆ ನುಗ್ಗಿತು. ಮಾವ ರೈಫಲ್ ಬಿಟ್ಟು ಮುಖ ಮುಚ್ಚಿಕೊಂಡು ಕೂತರು. ಕನ್ನಡಕದ ಬಲಗಾಜಿನ ತುಂಬ ಸಣ್ಣ ಸಣ್ಣ ಗುಳಿ, ಹುಬ್ಬಿನಲ್ಲಿ ಹಿತ್ತಾಳೆಯ ಚೂರು. ತೋಟಾ ಬುಡದ ಹತ್ತಿರ ಸುತ್ತಲೂ ಹರಿದು ಎರಡು ತುಂಡಾಗಿತ್ತು. ಬುಡ ಬೋಲ್ಟ್ ಜೊತೆ ಬಂತು, ಮುಂದಿನ ಭಾಗ ನಳಿಗೆಯೊಳಗೇ ಉಳಿಯಿತು.

ಕಾರಣ ಹೀಗಂತೆ. .315ರ ಬೋಲ್ಟ್, ಬ್ರಿಟಿಷರ ಕಾಲದ ಸೇನೆಯ ಲೀ ಎನ್‌ಫೀಲ್ಡ್ ರೈಫಲ್ ಥರ, ಹಿಂದುಗಡೆ ಲಾಕ್ ಆಗುತ್ತದೆ. ಒತ್ತಡಕ್ಕೆ ಅದು ಒಂದು ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ, ಹಿತ್ತಾಳೆ ಹಿಗ್ಗುತ್ತದೆ. ಒಂದು ಸಲಕ್ಕೆ ಪರವಾಗಿಲ್ಲ. ಅದನ್ನೇ ಮತ್ತೆ ಮತ್ತೆ ತುಂಬಿದರೆ ಬುಡದ ಮೇಲ್ಗಡೆ ಒಳಗಿಂದ ತೆಳ್ಳಗಾಗಿ, ಹೊರಗೆ ಹೊಳೆಯುವ ಒಂದು ಗೆರೆ ಮೂಡುತ್ತದೆ. ಉಳಿದ ತೋಟಾಗಳನ್ನು ಬೆಳಕಿಗೆ ಹಿಡಿದಾಗ ಆ ಗೆರೆ ಚೆನ್ನಾಗಿ ಕಾಣಿಸಿತು. ಸಾಲದ್ದಕ್ಕೆ ನಮ್ಮ ಬಿಸಿಲು. ತೋಟಾ ಕಾದಷ್ಟೂ ಸಾಮಾನ್ಯವಾಗಿ ಮದ್ದಿನ ಒತ್ತಡ ಏರುತ್ತದೆ. ಚಳಿಗಾಲದ ಬೆಳಿಗ್ಗೆ ಅಂಚಿನಲ್ಲಿದ್ದ ಅಳತೆ 40 ಡಿಗ್ರಿ ದಾಟಿದ ರಾಯಚೂರು, ಕೊಪ್ಪಳದ ಬೇಸಿಗೆಯಲ್ಲಿ ಅಂಚು ದಾಟಿರುತ್ತದೆ. ಮದ್ದು ಕಡಿಮೆಯಾದರೂ ಕೇಡೇ. ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡರೆ, ಮುಂದಿನ ಏಟಿಗೆ ನಳಿಗೆ ಸೀಳಬಹುದು.

ನಿಜವಾದ ತಾಪತ್ರಯ ಆಮೇಲೆ ಶುರುವಾಯಿತು. ಬಂದೂಕಿನ ಗಾಯ ಅಂದ ಕೂಡಲೇ ಆಸ್ಪತ್ರೆಯಲ್ಲಿ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ದಾಖಲೆ) ಬರೆದರು, ಪೊಲೀಸರು ಬಂದರು. ಮೊದಲ ಪ್ರಶ್ನೆಯೇ ‘ತೋಟಾ ಎಲ್ಲಿಂದ ತಂದ್ರಿ?’ ಅಂಗಡಿಯಲ್ಲಿ ಕೊಂಡ ತೋಟಾಗಳ ಲೆಕ್ಕ ಬರೆಸಿರುತ್ತೇವೆ. ಇವಕ್ಕೆ ಲೆಕ್ಕವೂ ಇಲ್ಲ, ಬಿಲ್ಲೂ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸಿ ಮಾರುವುದು ದೊಡ್ಡ ಅಪರಾಧ. 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷ, ಜೀವಾವಧಿವರೆಗೂ ಶಿಕ್ಷೆ ಇದೆ. ಮಾರಿದವನು ನಂಬರ್ ಬದಲಿಸಿ ನಾಪತ್ತೆ. ಸ್ಟೇಷನ್ನಿಗೆ ಅಲೆದದ್ದು ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡ ಮಾವ. ರೈಫಲ್ ಜಪ್ತಿಯಾಗಿದೆ, ಲೈಸೆನ್ಸ್ ವಿಚಾರಣೆಯಲ್ಲಿದೆ. ಚುನಾವಣೆ ಬಂದಾಗ ಬಂದೂಕು ಠಾಣೆಗೆ ಒಪ್ಪಿಸುವ ಜಂಜಾಟಕ್ಕೇ ಗೊಣಗುತ್ತಿದ್ದ ಮನುಷ್ಯ ಅವರು.

‘ಹಂದಿಗೆ ಇದೇ ಸರಿ’ ಅಂತಲೂ ಅವನು ಹೇಳಿದ್ದ. ಬೆಳೆ ರಕ್ಷಣೆಯ ಲೈಸೆನ್ಸ್ ಇದ್ದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹಂದಿ ಹೊಡೆದರೆ 1972ರ ವನ್ಯಜೀವಿ ಕಾಯ್ದೆಯ ಕೇಸು ಬೇರೆ. ಬೆಳೆ ಹಾಳಾದರೆ ಪರಿಹಾರಕ್ಕೆ ಇಲಾಖೆಯಲ್ಲಿ ಅರ್ಜಿ ಕೊಡಬಹುದು. ಸಿಗುವ ದುಡ್ಡು ಕಡಿಮೆ, ಆದರೆ ಕಣ್ಣು ಹೋಗಲ್ಲ.

ಅವನ ಮಾಲು ಗುರುತಿಸುವುದು ಕಷ್ಟವೇನಲ್ಲ. ಕಂಪನಿ ಡಬ್ಬಿ ಇರುವುದಿಲ್ಲ, ಪ್ಲಾಸ್ಟಿಕ್ ಕವರಿನಲ್ಲಿ ಬಿಡಿಬಿಡಿಯಾಗಿ ಕೊಡುತ್ತಾನೆ. ಬುಡದ ಮೇಲಿನ ಅಚ್ಚು ಒಂದೊಂದರಲ್ಲಿ ಒಂದೊಂದು. ಅಂಚಿನಲ್ಲಿ ಮೊದಲೇ ಬೋಲ್ಟ್ ಕಚ್ಚಿದ ಗೀರು, ಮೈಮೇಲೆ ಉದ್ದುದ್ದ ಗೆರೆ. ಈಗಾಗಲೇ ತೆಗೆದುಕೊಂಡಿದ್ದರೆ ಬಿಚ್ಚಿ ನೋಡುವುದಕ್ಕೆ ಹೋಗಬೇಡಿ, ಹೊಲದಲ್ಲಿ ಹೂಳಲೂಬೇಡಿ. ಗೊತ್ತಿರುವ ವಕೀಲರನ್ನು ಜೊತೆಗೆ ಕರೆದುಕೊಂಡು ಠಾಣೆಗೆ ಒಪ್ಪಿಸಿ. ಹೋದ ಸಲ ಬೈಕಿನಲ್ಲಿ ಬಂದಿದ್ದ, ಈಗ ಸಿಂಧನೂರು ಕಡೆ ಫೋನಿನಲ್ಲೇ ಆರ್ಡರ್ ತೆಗೆದುಕೊಳ್ಳುತ್ತಿದ್ದಾನಂತೆ. ಬಿಲ್ ಕೇಳಿ ನೋಡಿ, ತಾನೇ ಫೋನ್ ಇಡುತ್ತಾನೆ.