ವೈದ್ಯಕೀಯ ಸೀಟು ಕೊಡಿಸುತ್ತೇವೆ ಎನ್ನುವವರ ಕೈಗೆ ಮಕ್ಕಳ ಪಾಸ್‌ವರ್ಡ್ ಕೊಡಬೇಡಿ

ಮಂಗಳೂರಿನಲ್ಲಿ ‘ನೀಟ್ ಅಂಕ ಕಡಿಮೆಯಿದ್ದರೂ ಎಂಬಿಬಿಎಸ್, ನೇರ ಪ್ರವೇಶ’ ಎಂದು ಫಲಕ ಹಾಕಿಕೊಂಡಿರುವ ಮಾರ್ಗದರ್ಶನ ಕೇಂದ್ರಗಳಿಗೆ ಮಕ್ಕಳ ಅಂಕಪಟ್ಟಿ ಹಿಡಿದುಕೊಂಡು ಹೋಗುವ ಮುನ್ನ ದಯವಿಟ್ಟು ಇದನ್ನು ಓದಿ. ನಮ್ಮ ಹಣ ಹೋಯಿತು, ಹಣದ ಜೊತೆಗೆ ಮಗಳು ತನಗೆ ಬೇಕಾದ ಕಾಲೇಜನ್ನು ತಾನೇ ಆರಿಸಿಕೊಳ್ಳುವ ಹಕ್ಕೂ ಹೋಯಿತು, ಮತ್ತು ಅದನ್ನು ಕಸಿದುಕೊಂಡವನು ಕೊನೆಯವರೆಗೂ ನನ್ನನ್ನು ‘ಅಕ್ಕ’ ಎಂದೇ ಕರೆಯುತ್ತಿದ್ದ.

ನಾವು ಉಡುಪಿಯವರು. 720ಕ್ಕೆ ಮಗಳಿಗೆ ಬಂದ ಅಂಕದಲ್ಲಿ ಸರ್ಕಾರಿ ಸೀಟು ಸಿಗುವುದಿಲ್ಲ ಎಂಬುದು ಫಲಿತಾಂಶದ ದಿನವೇ ಗೊತ್ತಾಗಿತ್ತು. ಸಾಲ ಮಾಡಿಯಾದರೂ ಮಂಗಳೂರಿನ ಸುತ್ತಮುತ್ತ ಎಂಬಿಬಿಎಸ್, ಅದಾಗದಿದ್ದರೆ ಇಲ್ಲಿಯೇ ದಂತವೈದ್ಯ ಪದವಿಯಾದ ಬಿಡಿಎಸ್ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅಂಥ ಒಂದು ಕೇಂದ್ರಕ್ಕೆ ಹೋಗಿ, ಅದನ್ನು ನಡೆಸುವವನಿಗೆ ಇದನ್ನೇ ಬಿಡಿಸಿ ಹೇಳಿದೆವು. ಅವನು, “ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ನಮ್ಮ ಸೀಟು ಬ್ಲಾಕ್ ಆಗಿಯೇ ಉಂಟು ಅಕ್ಕ, ಟೋಕನ್ ಕೊಟ್ಟರೆ ಇವತ್ತೇ ಹೆಸರು ಹಾಕ್ತೇನೆ” ಎಂದ.

ಅಂಥ ಸೀಟು ಯಾರ ಬಳಿಯೂ ಇರುವುದಿಲ್ಲ. ಕೆಎಂಸಿ, ಕೆ.ಎಸ್. ಹೆಗ್ಡೆ, ಯೆನೆಪೋಯ ಕಾಲೇಜುಗಳು ಡೀಮ್ಡ್ (ತಾವೇ ಪದವಿ ಕೊಡುವ ಮಾನ್ಯತೆ ಪಡೆದ) ವಿಶ್ವವಿದ್ಯಾಲಯಗಳಿಗೆ ಸೇರಿದವುಗಳಾದ್ದರಿಂದ ಅಲ್ಲಿನ ಸೀಟುಗಳನ್ನು ದೆಹಲಿಯ ಎಂಸಿಸಿ, ಅಂದರೆ ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ, ಹಂಚುತ್ತದೆ. ಫಾದರ್ ಮುಲ್ಲರ್, ಎ.ಜೆ. ಮುಂತಾದ ಖಾಸಗಿ ಕಾಲೇಜುಗಳದ್ದು ಬೆಂಗಳೂರಿನ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕೈಯಲ್ಲಿದೆ. ಎರಡೂ ಕಡೆ ನೀಟ್ ರ‍್ಯಾಂಕ್ ಮತ್ತು ವಿದ್ಯಾರ್ಥಿ ತುಂಬಿದ ಆಯ್ಕೆಗಳ ಕ್ರಮವನ್ನು ನೋಡಿ ಸೀಟು ಕೊಡುತ್ತಾರೆಯೇ ಹೊರತು ಟೋಕನ್ ನೋಡಿ ಅಲ್ಲ.

ಅವನು ಡೀಮ್ಡ್ ಕಾಲೇಜುಗಳ ನೋಂದಣಿ ಶುಲ್ಕ 5,000 ಮತ್ತು ಭದ್ರತಾ ಠೇವಣಿ 2,00,000 ರೂಪಾಯಿಯನ್ನು ನಮ್ಮಿಂದ ಕಟ್ಟಿಸಿದ, ತನ್ನ ‘ಟೋಕನ್’ ಬೇರೆ ಪಡೆದ, ಆಯ್ಕೆಗಳನ್ನು ತಾನೇ ತುಂಬುತ್ತೇನೆಂದು ಮಗಳ ಎಂಸಿಸಿ ನೋಂದಣಿಯ ಪಾಸ್‌ವರ್ಡನ್ನೂ ಇಟ್ಟುಕೊಂಡ. ಎರಡನೇ ಸುತ್ತಿನ ಸೀಟು ಹಂಚಿಕೆಯ ಪಟ್ಟಿಯಲ್ಲಿ ಮಗಳು ತನ್ನ ರ‍್ಯಾಂಕ್ ಹುಡುಕಿದಾಗ ಅದರ ಮುಂದೆ ನಾವು ಹೆಸರೇ ಕೇಳಿರದ, ಹೊರರಾಜ್ಯದ ಒಂದು ಡೀಮ್ಡ್ ಕಾಲೇಜು ಇತ್ತು. ಅಲ್ಲಿನ ಶುಲ್ಕ ವರ್ಷಕ್ಕೆ ಇಪ್ಪತ್ತು ಲಕ್ಷ ದಾಟುತ್ತದೆ.

ಆಗ ಅರ್ಜಿಯ ಪ್ರತಿಯನ್ನು ತೆಗೆದು ಮೊದಲ ಸಾಲಿನಿಂದ ಓದಿದೆವು. ಹೆಸರು ಸರಿ, ತಾಯಿಯ ಹೆಸರು ಸರಿ, ಹುಟ್ಟಿದ ದಿನಾಂಕ ಸರಿ. ಮೊಬೈಲ್ ಸಂಖ್ಯೆ ನನ್ನದಲ್ಲ, ನನ್ನ ಗಂಡನದಲ್ಲ, ಮಗಳದೂ ಅಲ್ಲ. ಅದು ಅವನ ಕಚೇರಿಯದು. ಪ್ರತಿಯೊಂದು ಓಟಿಪಿ ಅವನಿಗೆ ಹೋಗಿತ್ತು. ಆಯ್ಕೆಗಳ ಪಟ್ಟಿಯಲ್ಲಿ ಮಂಗಳೂರಿನ ಬಿಡಿಎಸ್ ಒಂದೂ ಇರಲಿಲ್ಲ. ಒಂದೂ ಇರಲಿಲ್ಲ!

ಫೋನ್ ಮಾಡಿದರೆ ಅವನ ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. “ಸಿಕ್ಕಿದ್ದು ಎಂಬಿಬಿಎಸ್ ಅಲ್ವಾ ಅಕ್ಕ, ಖುಷಿ ಪಡಿ” ಎಂದ. ನಂಬರ್ ಯಾಕೆ ನಿಮ್ಮದು ಎಂದು ಕೇಳಿದ್ದಕ್ಕೆ, “ಪದೇ ಪದೇ ಓಟಿಪಿ ಬಂದು ನಿಮಗೆ ಉಪದ್ರ ಆಗ್ಬಾರ್ದು ಅಂತ” ಎಂಬ ಉತ್ತರ ಬಂತು. ಎರಡನೇ ಸುತ್ತಿನಲ್ಲಿ ಸಿಕ್ಕಿದ ಸೀಟಿಗೆ ಸೇರದಿದ್ದರೆ ಠೇವಣಿ ಮುಟ್ಟುಗೋಲಾಗುತ್ತದೆ ಎಂಬುದು ಅವನಿಗೆ ತಿಳಿಯದ ನಿಯಮವೇನಲ್ಲ. ಆ ಭಯಕ್ಕಾದರೂ ನಾವು ಸೇರುತ್ತೇವೆ, ಅಲ್ಲಿಂದ ತನಗೆ ಕಮಿಷನ್ ಬರುತ್ತದೆ ಎಂಬುದು ಅವನ ಲೆಕ್ಕವಾಗಿತ್ತೆಂದೇ ನನ್ನ ನಂಬಿಕೆ. ನಾವು ಸೇರಲಿಲ್ಲ. ಎರಡು ಲಕ್ಷ ಹೋಯಿತು.

ಟೋಕನ್ ಹಣವನ್ನಾದರೂ ಹಿಂದಕ್ಕೆ ಕೊಡಿ ಎಂದು ಅವನ ಕಚೇರಿಯಲ್ಲಿ ಕುಳಿತಾಗ ನನ್ನ ಮುಂದೆಯೇ ಇನ್ನೊಬ್ಬ ತಂದೆಗೆ ಚಹಾ ತರಿಸುತ್ತಿದ್ದ. “ರಶೀದಿ ಸರಿಯಾಗಿ ಓದಿ ಅಕ್ಕ” ಎಂದ. ಓದಿದೆ: ‘ಶೈಕ್ಷಣಿಕ ಮಾರ್ಗದರ್ಶನ ಶುಲ್ಕ, ಹಿಂತಿರುಗಿಸಲಾಗುವುದಿಲ್ಲ.’ ಪೊಲೀಸರಿಗೆ ಹೇಳುತ್ತೇನೆ ಎಂದಾಗ ಮೊದಲ ಬಾರಿಗೆ ಸ್ವರ ಬದಲಾಯಿತು. “ಸೀಟಿಗೆ ದುಡ್ಡು ಕೊಟ್ಟೆ ಅಂತ ನೀವೇ ಹೋಗಿ ಹೇಳ್ತೀರಾ? ಕ್ಯಾಪಿಟೇಶನ್ ಕಾಯ್ದೆ 1984ರಿಂದ ಉಂಟು, ಗೊತ್ತುಂಟಲ್ಲ?” ಸೀಟಿಗಾಗಿ ಹೆಚ್ಚುವರಿ ಹಣ ಪಡೆಯುವುದನ್ನು ನಿಷೇಧಿಸುವ ಕಾನೂನನ್ನೇ ತೋರಿಸಿ ನನ್ನನ್ನೇ ಹೆದರಿಸಿದ ಆ ಧೈರ್ಯವನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ದೂರು ಕೊಟ್ಟಿದ್ದೇವೆ.

ನೋಂದಣಿಯನ್ನು ನಿಮ್ಮ ಮನೆಯ ಮೊಬೈಲಿನಿಂದಲೇ ಮಾಡಿ. ಠೇವಣಿ ಹಿಂದಕ್ಕೆ ಬರುವುದಾದರೆ ಕಟ್ಟಿದ ಖಾತೆಗೇ ಬರುವುದರಿಂದ ಅದನ್ನು ನಿಮ್ಮ ಖಾತೆಯಿಂದಲೇ ಕಟ್ಟಿ. ಸಿಕ್ಕರೂ ಸೇರಲಾಗದ ಕಾಲೇಜನ್ನು ಎರಡನೇ ಸುತ್ತಿನಲ್ಲಿ ತುಂಬಬೇಡಿ. ಇಷ್ಟಾದ ಮೇಲೂ ಅಂಥ ಕಡೆ ಹೋಗುವವರು ರಶೀದಿಯನ್ನು ಹಣ ಕೊಡುವ ಮೊದಲೇ ಕೇಳಿ ಓದಿ, ಏಕೆಂದರೆ ಅದನ್ನು ಮಡಚಿ ಲಕೋಟೆಗೆ ಹಾಕಿ, ಅಂಟಿಸಿ ಕೊಡುತ್ತಾರೆ.