ಐದಡಿ ಎತ್ತರದ ಹೆಂಗಸಿಗೆ ಯಾವ ಗಿಟಾರ್? ನಾಲ್ಕನ್ನು ನುಡಿಸಿ ನೋಡಿದ ಮೇಲೆ

ಬಳ್ಳಾರಿಯ ನಮ್ಮ ಮನೆಯಲ್ಲಿ ಸಂಜೆ ಹೊತ್ತು ಏಳೆಂಟು ಹೆಣ್ಣುಮಕ್ಕಳಿಗೆ ಗಿಟಾರ್ ಹೇಳಿಕೊಡುತ್ತೇನೆ. ನನ್ನ ಎತ್ತರ ಐದು ಅಡಿ. ಆರು ವರ್ಷ ನುಡಿಸಿದ ಮೇಲೂ ಅರ್ಧ ಗಂಟೆಯಾಗುವಷ್ಟರಲ್ಲಿ ಬಲ ಭುಜ ಕಿವಿಯ ಕಡೆಗೆ ಏರಿಬಿಡುತ್ತಿತ್ತು. ಮುಂಗೈಯ ಒಳಭಾಗದಲ್ಲಿ ಪೆಟ್ಟಿಗೆಯ ಅಂಚು ಒತ್ತಿ ಕೆಂಪು ಗೆರೆ ಮೂಡುತ್ತಿತ್ತು. ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: "ನಿಮ್ಮ ಕೈ ಚಿಕ್ಕದು ಮೇಡಂ." ಒಂದು ಅಂಗಡಿಯಲ್ಲಂತೂ ಗುಲಾಬಿ ಬಣ್ಣದ, ಮಕ್ಕಳ ಅಳತೆಯ ಗಿಟಾರ್ ತೆಗೆದು ಮುಂದಿಟ್ಟು, "ಲೇಡೀಸ್‌ಗೆ ಇದೇ ಸರಿ" ಎಂದರು. ಬೇಸರವಾಗಿ ಬರಿಗೈಯಲ್ಲಿ ಮನೆಗೆ ಬಂದೆ.

ಪಕ್ಕದ ಮನೆಯ ಅಕ್ಕ ಜೀನ್ಸ್ ಹೊಲಿಯುವ ಘಟಕದಲ್ಲಿ ಕೆಲಸ ಮಾಡುತ್ತಾರೆ. ಅಳತೆಯ ಟೇಪು ಕೇಳಲು ಹೋದಾಗ ಅವರೆಂದರು: "ಸೊಂಟದ ಅಳತೆ ಒಂದೇ ಇದ್ದರೂ ಪ್ಯಾಂಟು ಇಬ್ಬರಿಗೂ ಒಂದೇ ತರಹ ಕೂರುವುದಿಲ್ಲಮ್ಮ. ಎಲ್ಲಿ ಬಿಗಿಯುತ್ತದೆ ಎಂದು ಮೊದಲು ನೋಡು." ಆ ಮಾತು ಹಿಡಿದು, ಮನೆಯಲ್ಲಿದ್ದ ಒಂದರ ಜೊತೆಗೆ ನೆಂಟರಿಂದಲೂ ವಿದ್ಯಾರ್ಥಿನಿಯರಿಂದಲೂ ಮೂರು ಗಿಟಾರ್ ಎರವಲು ತಂದೆ. ನಾಲ್ಕು ತಿಂಗಳು, ಒಂದೊಂದನ್ನೂ ದಿನಕ್ಕೆ ಒಂದು ಗಂಟೆಯಂತೆ ನುಡಿಸಿದೆ.

ಮೊದಲನೆಯದು ನನ್ನದೇ ಹಳೆಯ ಡ್ರೆಡ್‌ನಾಟ್. ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವ ದೊಡ್ಡ ಗಿಟಾರ್ ಇದು. ಅಮೆರಿಕದ ಮಾರ್ಟಿನ್ ಕಂಪನಿ 1916ರಲ್ಲಿ ಡಿಟ್ಸನ್ ಎಂಬ ಸಂಗೀತ ಮಳಿಗೆಗಾಗಿ ಈ ಆಕಾರವನ್ನು ಮಾಡಿತು. ಹೆಸರು ಬಂದದ್ದು ಬ್ರಿಟನ್ನಿನ ಯುದ್ಧನೌಕೆಯಿಂದ. ಕೆಳಭಾಗದ ಅಗಲ ಸುಮಾರು 40 ಸೆಂ.ಮೀ., ದಪ್ಪ 12 ಸೆಂ.ಮೀ.ಗೂ ಸ್ವಲ್ಪ ಹೆಚ್ಚು. ಈ ದಪ್ಪದ ಬಗ್ಗೆ ಯಾರೂ ಮಾತಾಡುವುದೇ ಇಲ್ಲ. ಹೆಂಗಸರಿಗೆ ಎದೆಯ ಉಬ್ಬಿನಾಚೆಗೆ ಈ 12 ಸೆಂ.ಮೀ. ಸೇರಿಕೊಳ್ಳುತ್ತದೆ. ಅಷ್ಟನ್ನೂ ಬಳಸಿ ಬಲಗೈ ತಂತಿಯನ್ನು ಮುಟ್ಟಬೇಕೆಂದರೆ ಭುಜ ಏಳದೆ ಬೇರೆ ದಾರಿಯಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರೆ ಪೆಟ್ಟಿಗೆ ಇನ್ನೂ ಮೇಲೆ ಬಂದು, ಗಾಜಿನ ಬಳೆಗಳು ಮೊಣಕೈ ಕಡೆಗೆ ಜಾರಿ ಅಂಚಿಗೆ ಸಿಕ್ಕಿಕೊಳ್ಳುತ್ತವೆ. ನಾದ ಮಾತ್ರ ನಾಲ್ಕರಲ್ಲೂ ಇದರದೇ ತುಂಬು. ಕೆಳಗಿನ ಸ್ವರಗಳು ಕೋಣೆಯನ್ನೇ ತುಂಬುತ್ತವೆ.

ಎರಡನೆಯದು ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್. ದಪ್ಪ ಸುಮಾರು 10 ಸೆಂ.ಮೀ. ಎಡಗಾಲ ಕೆಳಗೆ ಅಡುಗೆಮನೆಯ ಎರಡು ಮಣೆ ಒಂದರ ಮೇಲೊಂದು ಇಟ್ಟು, ನೆಕ್ (ಎಡಗೈ ಹಿಡಿಯುವ ಉದ್ದನೆಯ ಭಾಗ) ಮೇಲಕ್ಕೆತ್ತಿ ಹಿಡಿದಾಗ ಪೆಟ್ಟಿಗೆ ಎರಡು ತೊಡೆಗಳ ನಡುವೆ ಇಳಿದು ಕುಳಿತಿತು. ಭುಜ ತಾನಾಗಿಯೇ ಕೆಳಗೆ ಬಂತು. ಸೀರೆಯಲ್ಲಿ ಹಾಗೆ ಕಾಲು ಅಗಲಿಸಿ ಕೂರುವುದು ಕಷ್ಟ, ಚೂಡಿದಾರವೇ ಬೇಕು. ತೊಂದರೆ ಇದ್ದದ್ದು ನೆಕ್‌ನಲ್ಲಿ. ಅದರ ತಲೆಯ ತುದಿಯಲ್ಲಿ ತಂತಿಗಳು ಕೂರುವ ಸಣ್ಣ ಪಟ್ಟಿ, ಅಂದರೆ ನಟ್ ಬಳಿ ಅದರ ಅಗಲ 52 ಮಿ.ಮೀ. ಒಂದೇ ಬೆರಳಿನಿಂದ ಆರೂ ತಂತಿ ಒತ್ತಬೇಕಾದ ಎಫ್ ಬಾರ್ ಹಿಡಿದಾಗ ನನ್ನ ತೋರುಬೆರಳು ಕೊನೆಯ ತಂತಿಯನ್ನು ತಲುಪಿದರೂ ಒತ್ತುವ ಬಲ ಉಳಿಯಲಿಲ್ಲ. ಕೈ ಚಿಕ್ಕದೆಂಬ ಮಾತನ್ನು ಇಲ್ಲಿ ಒಪ್ಪುತ್ತೇನೆ.

ಮೂರನೆಯದು ಸ್ಟೀಲ್ ತಂತಿಯ ಸಣ್ಣ ಗಿಟಾರ್. ನಟ್‌ನಿಂದ ಪೆಟ್ಟಿಗೆಯ ಮೇಲೆ ತಂತಿ ಕಟ್ಟಿರುವ ಬ್ರಿಡ್ಜ್‌ವರೆಗೆ ತಂತಿಯ ಉದ್ದ 597 ಮಿ.ಮೀ.; ಡ್ರೆಡ್‌ನಾಟ್‌ನಲ್ಲಿ 645. ನೆಕ್ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳಾದ ಫ್ರೆಟ್‌ಗಳಲ್ಲಿ ಮೂರನೆಯದರವರೆಗಿನ ಚಾಚು ಸುಮಾರು 103 ಮಿ.ಮೀ.ನಿಂದ 95ಕ್ಕೆ ಇಳಿಯುತ್ತದೆ. ಅದೇ ತಂತಿ, ಅದೇ ಶ್ರುತಿ ಇದ್ದರೆ ಬಿಗಿತವೂ ಏಳರಲ್ಲಿ ಒಂದು ಪಾಲು ಕಡಿಮೆ. ನನ್ನ ವಿದ್ಯಾರ್ಥಿನಿಯರು ಇದನ್ನು ಕೈಯಿಂದ ಬಿಡಲೇ ಇಲ್ಲ. ನನಗೂ ಎಡಗೈ ಹಗುರವಾಯಿತು. ಆದರೆ ಇಪ್ಪತ್ತು ನಿಮಿಷದ ಮೇಲೆ ಮುಂಗೈ ತಿರುಗಿಸಿ ನೋಡಿದರೆ ಅದೇ ಕೆಂಪು ಗೆರೆ! ಟೇಪು ಹಿಡಿದೆ: ದಪ್ಪ 11 ಸೆಂ.ಮೀ. ಉದ್ದ, ಅಗಲ ಎರಡನ್ನೂ ಕಡಿಮೆ ಮಾಡಿದವರು ದಪ್ಪವನ್ನು ಹೆಚ್ಚುಕಡಿಮೆ ಹಾಗೆಯೇ ಬಿಟ್ಟಿದ್ದರು. ನನಗೆ ಬಿಗಿಯುತ್ತಿದ್ದದ್ದು ಎಲ್ಲಿ ಎಂದು ಅವತ್ತೇ ತಿಳಿಯಿತು.

ನಾಲ್ಕನೆಯದು ಯಮಹಾ ಎಪಿಎಕ್ಸ್ 600. ಪೆಟ್ಟಿಗೆಯ ದಪ್ಪ 8ರಿಂದ 9 ಸೆಂ.ಮೀ. ತಂತಿಯ ಉದ್ದ 634 ಮಿ.ಮೀ., ಅಂದರೆ ಡ್ರೆಡ್‌ನಾಟ್‌ಗಿಂತ 11 ಮಿ.ಮೀ. ಮಾತ್ರ ಕಡಿಮೆ, ಬೆರಳಿಗೆ ಹೇಳಿಕೊಳ್ಳುವಂಥ ಲಾಭವಿಲ್ಲ. ಆದರೂ ಒಂದು ಗಂಟೆ ನುಡಿಸಿ ಎದ್ದಾಗ ಮುಂಗೈಯಲ್ಲಿ ಗೆರೆ ಇರಲಿಲ್ಲ, ಕತ್ತು ಹಿಡಿದಿರಲಿಲ್ಲ. ತೆಳು ಪೆಟ್ಟಿಗೆಯಾದ್ದರಿಂದ ಕೆಳಸ್ವರಗಳು ಡ್ರೆಡ್‌ನಾಟ್‌ನಷ್ಟು ತುಂಬಿ ಬರುವುದಿಲ್ಲ. ಮನೆಪಾಠಕ್ಕೆ ಅಷ್ಟು ಸಾಕು. ಗಣೇಶನ ಪೆಂಡಾಲಿನಲ್ಲಿ ಹೇಗೂ ಆಂಪ್ಲಿಫೈಯರ್‌ಗೆ ಜೋಡಿಸುತ್ತೇವೆ. ನಾನು ಕೊಂಡದ್ದು ಇದನ್ನೇ.

ನಾದವನ್ನೂ ಬಿಡದೆ ಭುಜವನ್ನೂ ಉಳಿಸುವ ವಿನ್ಯಾಸ ಇಲ್ಲವೆಂದಲ್ಲ. ಕೆನಡಾದ ಗಿಟಾರ್ ತಯಾರಕಿ ಲಿಂಡಾ ಮಾಂಜರ್ 1984ರಲ್ಲಿ ಅಮೆರಿಕದ ಜಾಝ್ ಗಿಟಾರ್ ವಾದಕ ಪ್ಯಾಟ್ ಮೆಥನಿಯವರಿಗಾಗಿ 42 ತಂತಿಯ ಪಿಕಾಸೊ ಗಿಟಾರ್ ಮಾಡುವಾಗ ಪೆಟ್ಟಿಗೆಯನ್ನು ಬೆಣೆಯಂತೆ ರೂಪಿಸಿದರು: ತೋಳು ಬರುವ ಬದಿ ತೆಳು, ತೊಡೆಯ ಮೇಲೆ ಕೂರುವ ಬದಿ ದಪ್ಪ. ಒಂದು ಕಡೆ ಕಳೆದ ಜಾಗವನ್ನು ಇನ್ನೊಂದು ಕಡೆ ತುಂಬಿಕೊಡುವ ಲೆಕ್ಕ ಅದು. ನಮ್ಮ ಕೈಗೆಟುಕುವ ಬೆಲೆಯ ಗಿಟಾರ್‌ಗಳಿಗೂ ಈ ಬೆಣೆ ಬರಬೇಕೆಂದು ನನಗೆ ಬಹಳ ಆಸೆ. ಗುಲಾಬಿ ಬಣ್ಣ ಬಳಿಯುವ ಖರ್ಚನ್ನು ಇದಕ್ಕೆ ಹಾಕಲಿ.

ಹೊಸದು ಕೊಳ್ಳಲಾಗದವರು ಇದ್ದ ಡ್ರೆಡ್‌ನಾಟ್‌ನಲ್ಲೇ ಒಂದು ಉಪಾಯ ಮಾಡಬಹುದು. ಆರೂ ತಂತಿಗಳ ಶ್ರುತಿಯನ್ನು ಎರಡು ಫ್ರೆಟ್‌ನಷ್ಟು ಇಳಿಸಿ, ಎರಡನೇ ಫ್ರೆಟ್‌ಗೆ ಕ್ಯಾಪೊ (ಎಲ್ಲ ತಂತಿಗಳನ್ನೂ ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ. ಶ್ರುತಿ ಮೊದಲಿನಂತೆಯೇ ಇರುತ್ತದೆ, ತಂತಿಯ ಉದ್ದ 575 ಮಿ.ಮೀ.ಗೆ ಇಳಿಯುತ್ತದೆ, ಬಿಗಿತ ಐದರಲ್ಲಿ ಒಂದು ಪಾಲು ತಗ್ಗುತ್ತದೆ, ಎಡಗೈ 7 ಸೆಂ.ಮೀ. ಹತ್ತಿರ ಬರುತ್ತದೆ. ಭುಜಕ್ಕೆ, ಎಡಗಾಲ ಕೆಳಗೆ ಆ ಎರಡು ಮಣೆ.