ಆಸ್ಟ್ರೇಲಿಯಾ ವೀಸಾ ಪೇಪರ್ ಮಾಡ್ಕೊಟ್ಟ ಶಿವಮೊಗ್ಗದ ಅಂಗಡಿ, 4/5
ತಂಗಿ ಬಾಣಂತನಕ್ಕೆ ಅಪ್ಪ ಅಮ್ಮನ್ನ ಮೆಲ್ಬರ್ನ್‌ಗೆ ಕಳಿಸ್ಬೇಕಿತ್ತು, ಸಬ್‌ಕ್ಲಾಸ್ 600 ಅನ್ನೋ ವಿಸಿಟರ್ ವೀಸಾದ ಪೇಪರ್ ಕೆಲ್ಸ ದುರ್ಗಿಗುಡಿ ಹತ್ರ ಒಂದ್ ಕಡೆ ಮಾಡ್ಸಿದ್ವಿ. ಅಪ್ಪಂಗೆ ಸಂಬಳದ ಸ್ಲಿಪ್ ಎಲ್ಲಿಂದ ಬರ್ಬೇಕು, ಇರೋದು ತೋಟ. ಓನರ್ ಅದಕ್ಕೆಲ್ಲಾ ತಲೆ ಕೆಡಿಸ್ಕೊಳ್ದೆ ಪಹಣಿ, ಅಡಿಕೆ ಮಂಡಿ ಪಟ್ಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲಾ ತರ್ಸಿ, ಕನ್ನಡದಲ್ಲಿ ಇದ್ದಿದ್ದಕ್ಕೆಲ್ಲ ಇಂಗ್ಲಿಷ್ ಅನುವಾದ ಮಾಡ್ಸಿ, ತಂಗಿ ಕಳ್ಸಿದ್ದ ಇನ್ವಿಟೇಶನ್ ಲೆಟರ್ ಜೊತೆ ಆನ್‌ಲೈನಲ್ಲಿ ಅಪ್‌ಲೋಡ್ ಮಾಡಿದ್ರು. ಪಾಸ್‌ಪೋರ್ಟಲ್ಲಿ ಒಂಥರ, ಪಹಣೀಲಿ ಒಂಥರ ಇದ್ದ ಹೆಸ್ರನ್ನೂ ಅವ್ರೇ ಹಿಡಿದು ಅಫಿಡವಿಟ್ ಮಾಡ್ಸಿ ಅಂದ್ರು.

ನಂಗೆ ಜಾಸ್ತಿ ಇಷ್ಟ ಆಗಿದ್ದು ಏರ್‌ಪೋರ್ಟ್ ವಿಚಾರ ಬಿಡಿಸಿ ಹೇಳಿದ್ದು. ಅಮ್ಮ ಅಪ್ಪೆಮಿಡಿ ಉಪ್ಪಿನಕಾಯಿ, ಬಾಣಂತಿ ಲೇಹ್ಯ ಎಲ್ಲಾ ಕಟ್ಕೊಂಡು ರೆಡಿ! ತಿನ್ನೋ ಪದಾರ್ಥ, ಬೀಜ, ಮರದ ಸಾಮಾನು ಏನೇ ಇದ್ರೂ ಅಲ್ಲಿ ಇಳಿಯೋವಾಗ ಕೊಡೋ ಕಾರ್ಡಲ್ಲಿ ಯೆಸ್ ಅಂತ ಟಿಕ್ ಮಾಡ್ಲೇಬೇಕು, ಹೇಳಿದ್ರೆ ಹೆಚ್ಚಂದ್ರೆ ಡಬ್ಬಿ ಕಿತ್ಕೋತಾರೆ, ಮುಚ್ಚಿಟ್ಟು ಸಿಕ್ಕಾಕ್ಕೊಂಡ್ರೆ ದಂಡ, ವೀಸಾನೇ ಕ್ಯಾನ್ಸಲ್ ಆಗ್ಬಹುದು ಅಂತ ಅಮ್ಮನ್ನ ಕೂರ್ಸಿ ಹೇಳಿದ್ರು. ನಾವು ಹೇಳಿದ್ರೆ ಎಲ್ಲಿ ಕೇಳ್ತಿದ್ರು ಬಿಡಿ.

ಒಂದು ಸ್ಟಾರ್ ಕಟ್ ಮಾಡಿದ್ದು ಯಾಕಂದ್ರೆ ಫೋನ್ ಎತ್ತಲ್ಲ, ಬಿಲ್ ಕೇಳಿದ್ರೆ ಮುಖ ಮುಖ ನೋಡ್ತಾರೆ. ಸಂಜೆ ಅಂತೂ ಹೋಗ್ಬೇಡಿ, ಜೆರಾಕ್ಸ್‌ಗೆ ಬಂದ ಕಾಲೇಜ್ ಹುಡುಗ್ರದ್ದೇ ಕ್ಯೂ.